ತಿಥಿ ನೋಡಿ ಸಮುದ್ರಕ್ಕೆ ಹೊರಡಿ: ಬೆಳಗಾವಿಯಿಂದ ವೆಂಗುರ್ಲಾ, ಮಾಂದ್ರೆಯ ಉಸುಕಿನ ದಿಬ್ಬಗಳಿಗೆ

ಬೆಳಗಾವಿ ಕಡೆಯಿಂದ ಸಮುದ್ರಕ್ಕೆ ಹೊರಡುವವರು ರವಿವಾರ ನೋಡುತ್ತಾರೆ, ರಜೆ ನೋಡುತ್ತಾರೆ, ರೂಮಿನ ದರ ನೋಡುತ್ತಾರೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ಮಾತ್ರ ನೋಡುವುದಿಲ್ಲ. ನಾಲ್ಕು ತಾಸು ಘಟ್ಟ ಇಳಿದು ಹೋಗಿ ಸಂಜೆ ಐದಕ್ಕೆ ದಂಡೆ ಮುಟ್ಟಿದರೆ ಅಲ್ಲಿ ಎಷ್ಟೋ ಸಲ ನೀರು ಏರಿ ನಿಂತಿರುತ್ತದೆ. ನಡೆಯಲು ಗಟ್ಟಿ ಉಸುಕಿಲ್ಲ, ಹಳ್ಳ ದಾಟುವಂತಿಲ್ಲ. ಹೊಟೇಲಿನ ಕುರ್ಚಿಯಲ್ಲಿ ಕುಂತು ಎದ್ದು ಬರುವುದಷ್ಟೇ ಆಗುತ್ತದೆ.

ಲೆಕ್ಕ ಸರಳ. ಮಹಾರಾಷ್ಟ್ರದ ವೆಂಗುರ್ಲಾದಿಂದ ಉತ್ತರ ಗೋವಾದ ಮಾಂದ್ರೆ, ಮೋರಜಿವರೆಗಿನ ಈ ತೀರದಲ್ಲಿ ಹುಣ್ಣಿಮೆ ಮತ್ತು ಅಮಾವಾಸ್ಯೆಯಂದು ಉಬ್ಬರ ಹಗಲು ಹನ್ನೊಂದರ ಸುಮಾರಿಗೆ, ಮತ್ತೆ ರಾತ್ರಿ ಹನ್ನೊಂದರ ಸುಮಾರಿಗೆ ಬರುತ್ತದೆ. ಇಳಿತ ನಸುಕಿನ ಐದಕ್ಕೆ, ಸಂಜೆ ಐದಕ್ಕೆ. ಅಲ್ಲಿಂದ ಮುಂದೆ ದಿನಕ್ಕೆ ಐವತ್ತು ನಿಮಿಷದಂತೆ ತಡವಾಗುತ್ತ ಹೋಗುತ್ತದೆ. ಬಿದಿಗೆಯ ಹೊತ್ತಿಗೆ ಮುಂಜಾನೆ ಆರೂವರೆಗೂ ಸಂಜೆ ಆರೂವರೆಗೂ ನೀರು ಹಿಂದಕ್ಕೆ ಹೋಗಿರುತ್ತದೆ, ಅಂದರೆ ಬಿಸಿಲಿಲ್ಲದ ಎರಡೂ ಹೊತ್ತು ನಡೆಯಲು ಸಿಗುತ್ತವೆ. ಅಷ್ಟಮಿಗೆ ಇದು ತಿರುಗಾಮುರುಗಾ. ಅಂದಿನ ಉಬ್ಬರ ಸಣ್ಣದೇ ಇದ್ದರೂ ಸರಿಯಾಗಿ ಸಂಜೆಗೇ ಬರುತ್ತದೆ, ಇಳಿತವೂ ದೂರ ಹೋಗುವುದಿಲ್ಲ. ಹಾಗಾಗಿ ಹುಣ್ಣಿಮೆಯಿಂದ ತದಿಗೆಯೊಳಗೆ, ಇಲ್ಲವೇ ಅಮಾವಾಸ್ಯೆಯಿಂದ ತದಿಗೆಯೊಳಗೆ ಎರಡು ದಿನ ಹಿಡಿಯಿರಿ. ಅಮಾವಾಸ್ಯೆಗೆ ಗಾಡಿ ಹೊರಗೆ ತೆಗೆಯದ ಮನೆಯವರು ಪಾಡ್ಯಕ್ಕೆ ಹೊರಟರೆ ಶಾಸ್ತ್ರವೂ ಉಳಿಯಿತು, ಸಮುದ್ರವೂ ಸಿಕ್ಕಿತು. ಈ ಲೆಕ್ಕದಲ್ಲಿ ಅರ್ಧ ತಾಸು ಆಚೀಚೆ ಆಗುತ್ತದೆ, ಆದ್ದರಿಂದ ಹೊರಡುವ ಹಿಂದಿನ ದಿನ ಮೊಬೈಲಿನಲ್ಲಿ ಉಬ್ಬರವಿಳಿತದ ಪಟ್ಟಿ ಒಮ್ಮೆ ನೋಡಿಕೊಳ್ಳಿ.

ತಿಂಗಳುಗಳಲ್ಲಿ ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ಒಳ್ಳೆಯದು. ಮಾರ್ಚ್ ನಂತರ ಮಧ್ಯಾಹ್ನದ ಗಾಳಿ ಒಣ ಉಸುಕನ್ನು ಎತ್ತಿ ಮೊಣಕಾಲಿಗೆ ಚುಚ್ಚುತ್ತದೆ, ಊಟದ ತಾಟಿಗೂ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟ ನೋಡಲು ಬೇಕಾದರೆ ಹೋಗಿ, ನೀರಿಗೆ ಇಳಿಯಲು ಬೇಡ. ಡಿಸೆಂಬರ್ ಕೊನೆಯ ವಾರವನ್ನು ಬಿಟ್ಟುಬಿಡಿ.

ದಾರಿ ಹಿಂಡಲಗಾ, ಬಾಚಿ, ಶಿನೋಳಿ, ಪಾಟಣೆ ಫಾಟಾ, ಆಂಬೋಲಿ, ಸಾವಂತವಾಡಿ, ವೆಂಗುರ್ಲಾ. ಒಟ್ಟು ನೂರಿಪ್ಪತ್ತು ಕಿಲೋಮೀಟರ್ ಆಸುಪಾಸು. ಚಹಾಕ್ಕೆ ಆಂಬೋಲಿಯಲ್ಲಿ ನಿಂತರೂ ನಾಲ್ಕು ತಾಸಿನೊಳಗೆ ತಲುಪಬಹುದು. ಬಸ್ಸಿನವರಿಗೆ ಬೆಳಗಾವಿ ನಿಲ್ದಾಣದಿಂದ ಸಾವಂತವಾಡಿವರೆಗೆ ಬಸ್ ಸಿಗುತ್ತದೆ, ಅಲ್ಲಿ ಬದಲಿಸಿದರೆ ವೆಂಗುರ್ಲಾ ಹತ್ತಿರವೇ. ವಿಜಯಪುರದವರಿಗೆ ಬೆಳಗಾವಿ ಮುಟ್ಟಲಿಕ್ಕೇ ಐದು ತಾಸು ಬೇಕು. ಒಂದೇ ದಿನದಲ್ಲಿ ಸಮುದ್ರದವರೆಗೆ ಎಳೆದರೆ ಆಂಬೋಲಿ ಇಳಿಯುವಾಗ ಕತ್ತಲಾಗುತ್ತದೆ. ಬಾಗಲಕೋಟೆಯವರು ನಸುಕಿನಲ್ಲೇ ಬಿಟ್ಟರೆ ನಡೆದೀತು, ಆದರೆ ಅವರೂ ಬೆಳಗಾವಿಯಲ್ಲಿ ಒಂದು ರಾತ್ರಿ ಮಲಗಿ ಹೊರಡುವುದೇ ಲೇಸು. ಆಂಬೋಲಿಯಿಂದ ಕೆಳಗೆ ಇಳಿಯುವಾಗ ಎರಡನೇ ಗೇರಿನಲ್ಲೇ ಇರಲಿ. ಬ್ರೇಕ್ ಒತ್ತಿಕೊಂಡೇ ಇಳಿದ ಗಾಡಿಗಳು ತಿರುವಿನಲ್ಲಿ ಸುಟ್ಟ ವಾಸನೆ ಬಿಡುತ್ತ ನಿಂತಿರುವುದು ಅಲ್ಲಿ ಕಾಣುತ್ತದೆ. ಮಂಗಗಳಿಗೆ ಬಿಸ್ಕೀಟು ಹಾಕಬೇಡಿ, ಹಾಕಿದರೆ ಮುಂದಿನ ಗಾಡಿಯವರ ಕೈಯಿಂದ ಅವು ಕಸಿದುಕೊಳ್ಳುತ್ತವೆ.

ಮೊದಲ ದಿನ ವೆಂಗುರ್ಲಾದ ಸಾಗರೇಶ್ವರ ದಂಡೆ, ಅಲ್ಲಿಂದ ದಕ್ಷಿಣಕ್ಕೆ ಶಿರೋಡಾದ ವೆಳಾಗರ. ಎರಡರ ಹಿಂದೆಯೂ ಗಾಳಿಮರದ ತೋಪುಗಳಿವೆ, ಅಲ್ಲಿಯವರು ಸುರುವಿನ ಬನ ಅನ್ನುತ್ತಾರೆ. ಬುತ್ತಿ ಬಿಚ್ಚಲು ಇದಕ್ಕಿಂತ ತಂಪು ಜಾಗ ಬೇಕಿಲ್ಲ, ಆದರೆ ನೆಲದ ತುಂಬ ಸಣ್ಣ ಮುಳ್ಳುಕಾಯಿ ಬಿದ್ದಿರುವುದರಿಂದ ಚಾಪೆ ದಪ್ಪಗಿರಲಿ. ಶಿರೋಡಾದಲ್ಲಿ ಉಪ್ಪಿನ ಗದ್ದೆಗಳೂ ಇವೆ. ನಮ್ಮ ಅಂಕೋಲೆಯಂತೆ ಇಲ್ಲಿಯೂ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಈ ದಂಡೆಗಳಲ್ಲಿ ಗೋವಾದಷ್ಟು ಜೀವರಕ್ಷಕರು ಇರುತ್ತಾರೆಂದು ನಂಬಿ ಹೋಗಬೇಡಿ. ಇಲ್ಲಿ ನಡೆಯುವುದು, ಕೂರುವುದು. ನೀರಾಟವೇನಿದ್ದರೂ ಎರಡನೇ ದಿನಕ್ಕೆ ಇಟ್ಟುಕೊಳ್ಳಿ.

ಶಿರೋಡಾದಿಂದ ಗೋವಾಕ್ಕೆ ದಾಟಲು ಎರಡು ದಾರಿ. ರೇಡಿ ಮೇಲಿಂದ ತೆರೆಖೋಲ್ ಕೋಟೆಗೆ ಹೋಗಿ ಫೆರಿಯಲ್ಲಿ ನದಿ ದಾಟಿದರೆ ಕೆರಿ ದಂಡೆ. ಇಲ್ಲವೇ ಆರೋಂದಾ–ಕಿರಣಪಾಣಿ ಸೇತುವೆ. ಫೆರಿ ಚೆಂದ, ಆದರೆ ಅದನ್ನೇ ನೆಚ್ಚಿಕೊಂಡು ಸಮಯ ಹಾಕಬೇಡಿ. ಕೆಟ್ಟು ನಿಂತಿದ್ದರೆ ಹಿಂದಕ್ಕೆ ಬಂದು ಸೇತುವೆಗೇ ಹೋಗಬೇಕು. ಇನ್ನೊಂದು ಕಿರಿಕಿರಿ ಊರ ಹೆಸರುಗಳದ್ದು. ನಕ್ಷೆಯಲ್ಲಿ ಅರಂಬೋಲ್ ಎಂದಿರುವುದು ಅಲ್ಲಿಯವರ ಬಾಯಲ್ಲಿ ಹರಮಲ, ಮಾಂಡ್ರೆಮ್ ಅಂದರೆ ಮಾಂದ್ರೆ, ಮೊರ್ಜಿಮ್ ಅಂದರೆ ಮೋರಜಿ, ಪೆರ್ನೆಮ್ ಅಂದರೆ ಪೇಡಣೆ, ಬಿಚೋಲಿಮ್ ಅಂದರೆ ಡಿಚೋಲಿ, ಸಾಂಕ್ವೆಲಿಮ್ ಅಂದರೆ ಸಾಖಳಿ. ಕೆರಿಯಂತೂ ಎರಡಿವೆ. ಒಂದು ತೆರೆಖೋಲ್ ನದಿಯ ದಂಡೆಯದು, ಇನ್ನೊಂದು ಚೋರ್ಲಾ ಘಟ್ಟದ ಬುಡದ್ದು. ಬೆಳಗಾವಿಯಲ್ಲಿ ಕುಂತು ನಕ್ಷೆಗೆ ಬರೀ ‘ಕೆರಿ’ ಎಂದು ಹೇಳಿದರೆ ಅದು ನಿಮ್ಮನ್ನು ಸಮುದ್ರವಿಲ್ಲದ ಕೆರಿಗೆ ಒಯ್ದು ನಿಲ್ಲಿಸಬಹುದು.

ದಿಬ್ಬಗಳಿಗಾಗಿ ಹೋಗುವವರು ಮಾಂದ್ರೆಗೇ ಹೋಗಬೇಕು. ಹರಮಲದಿಂದ ಮಾಂದ್ರೆ, ಅಶ್ವೆಮ್, ಮೋರಜಿ ದಾಟಿ ಶಾಪೋರಾ ನದಿ ಸಮುದ್ರ ಸೇರುವ ತನಕ ಎಂಟು ಕಿಲೋಮೀಟರಿನಷ್ಟು ಉಸುಕಿನ ಪಟ್ಟಿ ಇದೆ. ಮಾಂದ್ರೆಯಲ್ಲಿ ದಂಡೆಯ ಹಿಂದೆ ಒಂದು ಹಳ್ಳ ಸಮುದ್ರಕ್ಕೆ ಸಮನಾಗಿ ಉದ್ದಕ್ಕೆ ಹರಿಯುತ್ತದೆ, ಹಳ್ಳಕ್ಕೂ ನೀರಿಗೂ ನಡುವೆ ದಿಬ್ಬ. ದಾಟಲು ಬಿದಿರಿನ ಸೇತುವೆಗಳಿವೆ. ಇಳಿತದಲ್ಲಿ ಕೆಲವು ಕಡೆ ನಡೆದೇ ದಾಟಬಹುದು. ಹಾಗೆ ದಾಟಿ ಹೋದವರು ಉಬ್ಬರ ಬಂದಾಗ ಅದೇ ಜಾಗದಲ್ಲಿ ಎದೆಮಟ್ಟ ನೀರು ಕಂಡು ಕಂಗಾಲಾಗುತ್ತಾರೆ. ಸೇತುವೆ ಎಲ್ಲಿದೆ ಎಂಬುದನ್ನು ಹೋಗುವಾಗಲೇ ಗುರುತು ಮಾಡಿಕೊಳ್ಳಿ.

ದಿಬ್ಬ ಎಂದರೆ ರಾಜಸ್ಥಾನದ ಚಿತ್ರ ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಮೊದಲು ನಿರಾಸೆಯಾದೀತು. ಇವು ಬಳ್ಳಿ ಹೊದ್ದ ತಗ್ಗು ದಿಬ್ಬಗಳು. ಒಣಗಿದ ಉಸುಕನ್ನು ಗಾಳಿ ಒಳಕ್ಕೆ ತಳ್ಳುತ್ತದೆ, ಎಲ್ಲಾದರೂ ಒಂದು ಬಳ್ಳಿ ಅಡ್ಡ ಸಿಕ್ಕರೆ ಅದರ ಬುಡದಲ್ಲಿ ಕೆಡವುತ್ತದೆ. ಬಳ್ಳಿ ಹೂತುಹೋಗದಂತೆ ಮೇಲೇಳುತ್ತದೆ, ಗಾಳಿ ಮತ್ತೆ ಉಸುಕು ತರುತ್ತದೆ. ಹೀಗೆ ವರ್ಷಗಟ್ಟಲೆ ನಡೆದ ಮೇಲಾಟವೇ ದಿಬ್ಬ. ಮಳೆಗಾಲದ ತೆರೆಗಳು ಮುಂದಿನ ಅಂಚನ್ನು ಕೊರೆದು ಗೋಡೆಯಂತೆ ಮಾಡುತ್ತವೆ. ಅಕ್ಟೋಬರಿನಲ್ಲಿ ಹೋದರೆ ಈ ಕಡಿದಾದ ಅಂಚು ಇನ್ನೂ ಇರುತ್ತದೆ, ಫೆಬ್ರುವರಿಯ ಹೊತ್ತಿಗೆ ಉಸುಕು ಮರಳಿ ಬಂದು ಇಳಿಜಾರಾಗಿರುತ್ತದೆ. ಆ ಅಂಚಿನ ಬುಡದಲ್ಲಿ ಮಕ್ಕಳು ಗುಹೆ ತೋಡಲು ಬಿಡಬೇಡಿ. ಒಣ ಉಸುಕು ಕುಸಿಯುವಾಗ ಸದ್ದು ಮಾಡುವುದಿಲ್ಲ.

ಮುಂದಿನ ಸಾಲಿನಲ್ಲಿ ಹಬ್ಬಿರುವ ಬಳ್ಳಿಯ ಎಲೆ ಆಡಿನ ಗೊರಸಿನ ಹಾಗೆ ನಡುವೆ ಸೀಳಿರುತ್ತದೆ, ಹೂವು ತಿಳಿ ನೇರಳೆ. ಬೆಳಗಾವಿ, ಖಾನಾಪುರದ ಗೆಣಸಿನ ಹೊಲ ನೋಡಿದವರಿಗೆ ಆ ಹೂವು ತಟ್ಟನೆ ಗುರುತು ಹತ್ತುತ್ತದೆ, ಎರಡೂ ಒಂದೇ ಕುಲದವು. ಬಗ್ಗಿ ಒಂದು ಎಳೆ ಹಿಡಿದು ನೋಡಿ: ಗೆಣ್ಣು ಗೆಣ್ಣಿಗೆ ಬೇರು ಇಳಿದಿರುತ್ತದೆ, ಆ ಬೇರೇ ಉಸುಕನ್ನು ಕಟ್ಟಿಹಾಕಿರುವುದು. ಅದರ ಪಕ್ಕದಲ್ಲೇ ರಾವಣನ ಮೀಸೆ ಎನ್ನುವ ಹುಲ್ಲು. ಎಲೆಯ ತುದಿ ದಬ್ಬಳದಂತಿರುತ್ತದೆ, ಬರಿಗಾಲಲ್ಲಿ ತುಳಿದರೆ ಹಿಮ್ಮಡಿಯಲ್ಲಿ ಮುರಿದು ಕೂರುತ್ತದೆ. ಅದರ ಒಣಗಿದ ಬೀಜದ ಉಂಡೆ ಕಳಚಿಕೊಂಡು ಮುಳ್ಳುಗಳ ಮೇಲೆಯೇ ನಿಂತು ಗಾಳಿಗೆ ದಂಡೆಗುಂಟ ಉರುಳುತ್ತ ಓಡುತ್ತದೆ. ಮಕ್ಕಳು ಬೆನ್ನಟ್ಟುತ್ತಾರೆ, ಬೆನ್ನಟ್ಟಲಿ.

ಕೆಳಗೆ ಒದ್ದೆ ಉಸುಕಿನಲ್ಲಿ ನೋಡಬೇಕಾದ್ದು ಬೇರೆಯೇ ಇದೆ. ಬಟಾಣಿ ಗಾತ್ರದ ಏಡಿಗಳು ಉಸುಕನ್ನು ಬಾಯಿಗೆ ಹಾಕಿಕೊಂಡು ಅದರಲ್ಲಿಯ ಆಹಾರ ಹೀರಿ ಸಾಸಿವೆಯಿಂದ ಜೋಳದ ಗಾತ್ರದವರೆಗಿನ ಗುಳಿಗೆಗಳಾಗಿ ಉಗುಳುತ್ತವೆ. ಗುಳಿಗೆಗಳು ತೂತಿನ ಸುತ್ತ ಸೂರ್ಯನ ಕಿರಣದಂತೆ ಸಾಲಾಗಿ ಹರಡಿರುತ್ತವೆ, ನಮ್ಮ ಅಂಗಳದ ರಂಗೋಲಿಗೇನೂ ಕಡಿಮೆಯಿಲ್ಲ. ಇಳಿತದ ಹೊತ್ತಿಗೆ ಮಾತ್ರ ಇದು ಕಾಣುತ್ತದೆ, ಮುಂದಿನ ಉಬ್ಬರ ಎಲ್ಲವನ್ನೂ ಒರೆಸುತ್ತದೆ. ತಿಥಿ ನೋಡಿ ಹೊರಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ದಿಬ್ಬದ ಮೇಲೆ ಹೊಸ ಕಾಲುದಾರಿ ಮಾಡಬೇಡಿ, ಇದ್ದ ದಾರಿಯಲ್ಲೇ ದಾಟಿ. ಬಳ್ಳಿ ಸತ್ತ ಜಾಗದಿಂದಲೇ ಗಾಳಿ ದಿಬ್ಬವನ್ನು ಬಗೆಯಲು ಶುರುಮಾಡುತ್ತದೆ. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ದಿಬ್ಬಗಳಿಗೆ ಅತಿ ಕಟ್ಟುನಿಟ್ಟಿನ ದರ್ಜೆ ಇದೆ. ಮಾಂದ್ರೆ, ಮೋರಜಿಗಳಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಒಂದು ಗೂಡಿಗೆ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು ಒಂದೂವರೆ ಎರಡು ತಿಂಗಳು. ಅರಣ್ಯ ಇಲಾಖೆಯವರು ಬಲೆ ಕಟ್ಟಿದ ಜಾಗ ಕಂಡರೆ ದೂರದಿಂದ ನೋಡಿ, ರಾತ್ರಿ ಟಾರ್ಚ್ ಬಿಡಬೇಡಿ. ಮರಿಗಳು ಬೆಳಕಿರುವ ಕಡೆಯೇ ಸಮುದ್ರವೆಂದು ತಿಳಿದು ಊರ ಕಡೆ ನಡೆದುಬಿಡುತ್ತವೆ.

ನಡಿಗೆಗೆ ಬಿಗಿಪಟ್ಟಿಯ ಚಪ್ಪಲಿ ಸಾಕು, ಬೂಟಿನೊಳಗೆ ಉಸುಕು ಹೊಕ್ಕರೆ ಎರಡು ಕಿಲೋಮೀಟರಿಗೆ ಗುಳ್ಳೆ ಏಳುತ್ತವೆ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ. ತೆರೆ ಈಗಷ್ಟೇ ಬಿಟ್ಟುಹೋದ ಗಟ್ಟಿ ಪಟ್ಟಿಯ ಮೇಲೆ ನಡೆಯಿರಿ, ಒಣ ಉಸುಕಿನಲ್ಲಿ ಅಷ್ಟೇ ದೂರಕ್ಕೆ ಎರಡರಷ್ಟು ದಣಿವು. ಹತ್ತು ಗಂಟೆಯ ನಂತರ ಬರಿಗಾಲಿನ ಮಾತೇ ಬೇಡ.

ಈಜಿನ ವಿಷಯಕ್ಕೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕೃಷ್ಣಾ, ಘಟಪ್ರಭಾ, ಮಲಪ್ರಭಾದಲ್ಲಿ ಈಜು ಕಲಿತವರಿಗೆ ಸೆಳವು ಗೊತ್ತು, ಆದರೆ ಅದು ಹೊಳೆ ಹರಿಯುವ ದಿಕ್ಕಿಗೆ ಎಳೆಯುವ ಸೆಳವು. ಸಮುದ್ರದ್ದು ದಂಡೆಯಿಂದ ಒಳಕ್ಕೆ ಎಳೆಯುತ್ತದೆ. ತೆರೆ ಒಡೆಯುವ ಸಾಲಿನ ನಡುವೆ ಎಲ್ಲಿ ತೆರೆ ಒಡೆಯದೆ ನೀರು ಶಾಂತವಾಗಿ, ಸ್ವಲ್ಪ ಕಂದಾಗಿ ಕಾಣುತ್ತದೋ ಅದೇ ಸೆಳವಿನ ಜಾಗ. ಶಾಂತವಾಗಿದೆ ಎಂದು ಮಕ್ಕಳನ್ನು ಅಲ್ಲಿಗೇ ಇಳಿಸುವವರೇ ಹೆಚ್ಚು. ಸಿಕ್ಕಿಕೊಂಡರೆ ನೇರ ದಂಡೆಗೆ ಈಜಬೇಡಿ, ದಣಿಯುತ್ತೀರಿ. ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳವು ಬಿಟ್ಟ ಮೇಲೆ ತೆರೆಯ ಜೊತೆ ದಂಡೆಗೆ ಬನ್ನಿ. ಕೆಂಪು-ಹಳದಿ ಬಾವುಟಗಳ ನಡುವೆಯಷ್ಟೇ ಇಳಿಯಿರಿ, ಬರೀ ಕೆಂಪು ಇದ್ದರೆ ಇಳಿಯಲೇಬೇಡಿ. ಮೋರಜಿಯ ನದಿಮುಖ ನೋಡಲು ಎಷ್ಟು ಚೆಂದವೋ ಇಳಿಯಲು ಅಷ್ಟೇ ಕೆಟ್ಟದು, ಚಳಿಗಾಲದಲ್ಲಿ ಅಲ್ಲಿ ಕಡಲಹಕ್ಕಿಗಳ ಹಿಂಡು ನೋಡಿಕೊಂಡು ಬನ್ನಿ. ಸೀರೆ ಉಟ್ಟವರು ಮೊಣಕಾಲಿನ ಮೇಲೆ ನೀರಿಗೆ ಹೋಗಬಾರದು. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಸೊಂಟಮಟ್ಟದ ನೀರಿನಲ್ಲೂ ಏಳಲಾಗುವುದಿಲ್ಲ. ಅಂಬಲಿಮೀನು (ಜೆಲ್ಲಿಫಿಶ್) ತಾಗಿ ಉರಿ ಎದ್ದರೆ ಸಮುದ್ರದ ನೀರಿನಿಂದಲೇ ತೊಳೆದು ಜೀವರಕ್ಷಕರ ಬಳಿ ಹೋಗಿ. ಉಸುಕು ಹಾಕಿ ತಿಕ್ಕಿದರೆ ವಿಷ ಇನ್ನಷ್ಟು ಇಳಿಯುತ್ತದೆ.

ಗಾಡಿಯನ್ನು ಡಾಂಬರು ಮುಗಿಯುವಲ್ಲೇ ನಿಲ್ಲಿಸಿ. ದಂಡೆಯ ಮೇಲೆ ಗಾಡಿ ಓಡಿಸುವುದು ಅಪರಾಧ. ನಿಲ್ಲಿಸುವ ಜಾಗದಲ್ಲೇ ಚಕ್ರ ಹೂತರೆ ಆಕ್ಸಿಲರೇಟರ್ ಒತ್ತಬೇಡಿ, ಪ್ರತಿ ಸುತ್ತಿಗೂ ಗುಂಡಿ ಆಳವಾಗುತ್ತದೆ. ಎಲ್ಲರೂ ಇಳಿಯಿರಿ, ಟೈರಿನ ಗಾಳಿಯನ್ನು ಹದಿನೆಂಟು–ಇಪ್ಪತ್ತು ಪಿಎಸ್‌ಐಗೆ ಇಳಿಸಿ, ಎಳೆಯುವ ಚಕ್ರಗಳ ಮುಂದಿನ ಉಸುಕು ಕೈಯಿಂದ ಬಗೆದು ಒದ್ದೆ ಗೋಣಿಚೀಲವನ್ನೋ ಕಾಲಡಿಯ ಮ್ಯಾಟನ್ನೋ ಟೈರಿಗೆ ತಾಗಿಸಿ ಹಾಸಿ, ಸ್ಟೇರಿಂಗ್ ನೆಟ್ಟಗೆ ಇಟ್ಟು ನಿಧಾನಕ್ಕೆ ಬಿಡಿ. ಹಾಗಾಗಿ ಡಿಕ್ಕಿಯಲ್ಲಿ ಎರಡು ಗೋಣಿಚೀಲ ಇರಲಿ. ಗಾಳಿ ಮತ್ತೆ ತುಂಬಿಸಿದ ಮೇಲೆಯೇ ಘಟ್ಟ ಹತ್ತಬೇಕು.

ಮೀನು ತಿನ್ನುವವರಿಗೆ ಹೇಳಿಕೊಡಬೇಕಾದ್ದೇನಿಲ್ಲ. ತಿನ್ನದವರು ವೆಂಗುರ್ಲಾ, ಸಾವಂತವಾಡಿಯ ಖಾನಾವಳಿಗಳಲ್ಲಿ ಕಪ್ಪು ಬಟಾಣಿಯ ಉಸಳ್, ಘಾವನೆ (ಅಕ್ಕಿಯ ತೆಳು ದೋಸೆ), ಸೋಲಕಡಿ (ಕೋಕಮ್, ತೆಂಗಿನ ಹಾಲಿನ ಪಾನೀಯ) ಕೇಳಿ. ಮಾಂದ್ರೆಯ ಕಡೆ ಶಾಕಾಹಾರಕ್ಕೆ ದಂಡೆಯಿಂದ ಊರೊಳಗೆ ಬರಬೇಕಾಗಬಹುದು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡವರು ಎರಡು ದಿನ ನಿಶ್ಚಿಂತೆ. ರೊಟ್ಟಿಯನ್ನು ಬಟ್ಟೆಯಲ್ಲಲ್ಲ, ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಸಮುದ್ರದ ಗಾಳಿಗೆ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ. ಗ್ಯಾಸ್ ಒಲೆ, ಪಾತ್ರೆ ಹೊತ್ತು ದಂಡೆಯ ಮೇಲೆ ಅನ್ನ ಮಾಡುವ ನಮ್ಮ ಕಡೆಯ ರೂಢಿಗೆ ಗೋವಾದಲ್ಲಿ ದಂಡ ಬೀಳುತ್ತದೆ, ಬಯಲಲ್ಲಿ ಕುಡಿದರೂ ಅಷ್ಟೇ.

ಮರಳಿ ಬರಲು ಪೇಡಣೆ, ಮ್ಹಾಪ್ಸಾ, ಡಿಚೋಲಿ, ಸಾಖಳಿ, ಕೆರಿ (ಇದು ಘಟ್ಟದ ಕೆರಿ), ಚೋರ್ಲಾ, ಕಣಕುಂಬಿ, ಜಾಂಬೋಟಿ. ಬಂದ ದಾರಿಗಿಂತ ಭಿನ್ನ ಕಾಡು ನೋಡಲು ಸಿಗುತ್ತದೆ. ಪೆಟ್ರೋಲ್ ಕೆಳಗೇ ತುಂಬಿಸಿ. ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ, ಆದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಮಧ್ಯಾಹ್ನ ಮೂರಕ್ಕೆ ಮ್ಹಾಪ್ಸಾ ಬಿಟ್ಟರೆ ಬೆಳಕಿನಲ್ಲೇ ಜಾಂಬೋಟಿ. ಬಾಟಲಿ ತರುವ ಆಸೆ ಬಿಡಿ, ದಾರಿಯಲ್ಲಿ ತಪಾಸಣೆ ಇರುತ್ತದೆ. ಮನೆ ಮುಟ್ಟಿದ ಮರುದಿನವೇ ಗಾಡಿಯ ಅಡಿಭಾಗಕ್ಕೆ ಸಿಹಿನೀರಿನ ಪೈಪು ಹಿಡಿಸಿ, ಮ್ಯಾಟುಗಳನ್ನು ಕೊಡವಿ. ಆ ಉಸುಕಿನಲ್ಲಿರುವ ಉಪ್ಪು ಒಣಗಿದ ಮೇಲೂ ತೇವ ಎಳೆಯುತ್ತದೆ, ಬಾಗಿಲ ಕೆಳಗಿನ ತಗಡು ಮೊದಲು ಜಂಗು ಹಿಡಿಯುವುದು ಅದರಿಂದಲೇ.