ಮೂಗಿನ ಮೇಲಿನ ಕಲ್ಲು

ಅಪ್ಪ ದೇವರ ಮೂರ್ತಿ ಕಡೆಯುತ್ತಿದ್ದರು, ಹುಡುಗರಿಗೂ ಕಲಿಸುತ್ತಿದ್ದರು. ಮೊದಲ ಪಾಠ ಚಾಣದ್ದಲ್ಲ, ಕಿವಿಯದು: ಕೃಷ್ಣಶಿಲೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಂಟೆಯಂತೆ ನುಡಿಯಬೇಕು. ಸದ್ದು ಮಂಕಾದರೆ ಒಳಗೆ ಬಿರುಕಿರಬಹುದು. ನೀರು ಸುರಿದು ಕಾಯಬೇಕು. ಮೈಯೆಲ್ಲ ಒಣಗಿದರೂ ಬಿರುಕಿನ ಗೆರೆ ಮಾತ್ರ ಕಪ್ಪಗೆ ಉಳಿಯುತ್ತದೆ.

ಆಮೇಲೆ ಲೆಕ್ಕ. ನವತಾಳದಲ್ಲಿ, ಅಂದರೆ ಮುಖದ ಒಂಬತ್ತರಷ್ಟು ಎತ್ತರದ ಅಳತೆಯಲ್ಲಿ, ಕಿರೀಟ ಬಿಟ್ಟು ಎತ್ತರ 108 ಅಂಗುಲ, ಮುಖ 12. ಈ ಅಂಗುಲ ಇಂಚಲ್ಲ, ಮೂರ್ತಿಯದೇ ಅಳತೆ: 3 ಅಡಿ ವಿಗ್ರಹಕ್ಕೆ ಮುಖ 4 ಇಂಚು. ಮೂಗಿನ ಮೇಲೆ ಕಲ್ಲು ಹೆಚ್ಚೇ ಬಿಡಬೇಕು. ಚಕ್ಕೆ ಹಾರಿದರೆ ಅಂಟಿಸುವಂತಿಲ್ಲ, ಇಡೀ ಮುಖವನ್ನೇ ಹಿಂದಕ್ಕೆ ಇಳಿಸಬೇಕು. ಆಗ ಕಿವಿ, ಕಿರೀಟ ಎರಡರ ಅಳತೆಯೂ ಕೆಡುತ್ತದೆ. ಒಂದು ಕಲ್ಲು ಹಾಳುಮಾಡುವವರೆಗೆ ಯಾವ ಶಿಷ್ಯನೂ ಇದನ್ನು ನಂಬುತ್ತಿರಲಿಲ್ಲ, ಅಪ್ಪನೂ ಬೈಯುತ್ತಿರಲಿಲ್ಲ.

ಕಣ್ಣು ಎಲ್ಲಕ್ಕಿಂತ ಕೊನೆಗೆ. ಅದಕ್ಕೆಂದೇ ಇಟ್ಟ ಸಣ್ಣ ಚಾಣ ಇನ್ನೂ ಎಣ್ಣೆಬಟ್ಟೆಯಲ್ಲೇ ಇದೆ.