ಬ್ರಾಂಚ್ ಏನ್ರಿ ಇದು?

ಭಾನುವಾರ ಮಧ್ಯಾಹ್ನದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಬಂದಿತ್ತು. ನಮ್ಮ ಹೋಟೆಲ್ ಬಾಗಿಲಲ್ಲೇ ನಿಂತು ಹಿರಿಯರೊಬ್ಬರು ಕೇಳಿದರು, "ಹೈವೇ ಮ್ಯಾಲೆ ದೊಡ್ಡ ಹೋಟೆಲ್ ಐತಲ್ರಿ, ಅದರ ಬ್ರಾಂಚ್ ಏನ್ರಿ ಇದು?"

ಗಲ್ಲಾದಲ್ಲಿ ಕೂತಿದ್ದ ಅಮ್ಮ ತಲೆ ಎತ್ತಿದಳು. "ಹೌದು, ಬನ್ನಿ ಬನ್ನಿ, ಊಟ ಬಿಸಿ ಇದೆ."

ಹೌದಂತೆ!

ಹೋಟೆಲ್‌ಗೆ ಇರುವುದು ನಮ್ಮ ಅಜ್ಜಿಯ ಹೆಸರು. ಅವಳೇನೂ ಇಟ್ಟಿದ್ದಲ್ಲ. ಹೊರಗಿನ ಜಗಲಿಯಲ್ಲಿ ನಾಲ್ಕು ಮಂದಿಗೆ ಊಟ ಹಾಕುತ್ತಿದ್ದಾಗ ಉಂಡವರು ಕರೆದು ಕರೆದು ನಿಂತ ಹೆಸರು. ಬೋರ್ಡ್ ಬಂದಿದ್ದು ಎಷ್ಟೋ ಕಾಲದ ಮೇಲೆ.

ಹೈವೇಯವನ ಬೋರ್ಡ್ ನೀವು ನೋಡಬೇಕು. ಹಳದಿ ಮೇಲೆ ಕೆಂಪು ಅಕ್ಷರ, ನಮ್ಮದರ ಹಾಗೇ. ರವೆ ಹಚ್ಚಿ ಹುರಿದ ಎರಡು ಬಂಗಡೆ, ಬಾಲ ಎಡಕ್ಕೆ, ಅದೂ ನಮ್ಮದರ ಹಾಗೇ. ಮೂಲೆಯಲ್ಲಿ 'ನ್ಯೂ' ಅಂತ ಇದೆ. ಕಾರಲ್ಲಿ ಹೋಗುವವರಿಗೆ ಕಾಣಲೇಬಾರದು ಅಂತ ಬರೆಸಿದಷ್ಟು ಸಣ್ಣದು. ಕೇಳಿದರೆ ತನ್ನ ಅಜ್ಜಿಯ ಹೆಸರೂ ಅದೇ ಅನ್ನುತ್ತಾನೆ. ಕೆಟ್ಟವನಲ್ಲ, ನಮ್ಮ ಮನೆಯ ಮದುವೆಗೆಲ್ಲ ಬಂದು ಉಂಡು ಹೋದವನೇ. ಆದರೆ ಪಕ್ಕಾ ವ್ಯಾಪಾರಿ. ಅಲ್ಲಿ ಹಳಸಿದ ಸಾರು ಉಂಡವರು ಮೊಬೈಲ್ ತೆಗೆದು ಒಂದು ಸ್ಟಾರ್ ಕೊಡುತ್ತಾರೆ. ಹೆಸರು ಒಂದೇ ಆದ್ದರಿಂದ ಆ ಬೈಗುಳ ನಮ್ಮ ಲೆಕ್ಕಕ್ಕೆ ಬಂದು ಬೀಳುತ್ತದೆ.

ರಾತ್ರಿ ಅಮ್ಮನನ್ನು ಕೇಳಿದೆ, ಯಾಕೆ ಹೌದು ಅಂದೆ?

"ಹಸಿದು ಬಂದವರನ್ನ ಬಾಗಿಲಲ್ಲಿ ನಿಲ್ಲಿಸಿ ನಮ್ಮ ಜಗಳದ ಕತೆ ಹೇಳ್ಲಾ?"

ಇದಕ್ಕೆ ಏನು ಹೇಳುವುದು?

ಮಾರನೇ ದಿನ ಕಾರವಾರಕ್ಕೆ ಹೋಗಿ ಪರಿಚಯದ ವಕೀಲರ ಮುಂದೆ ಕೂತೆ. ಅವರು ಮೊದಲು ಕೇಳಿದ್ದೇ ಟ್ರೇಡ್‌ಮಾರ್ಕ್ ಇದೆಯಾ ಅಂತ. ಪುರಸಭೆ ಲೈಸೆನ್ಸ್, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಎರಡನ್ನೂ ಹೆಮ್ಮೆಯಿಂದ ಮುಂದಿಟ್ಟೆ. ನಕ್ಕರು. ಅವು ಹೋಟೆಲ್ ನಡೆಸಲು ಅನುಮತಿ ಅಷ್ಟೇ, ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲವಂತೆ. ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಹೋಟೆಲ್‌ಗಳದ್ದು 43ನೇ ವರ್ಗ. ನಮ್ಮಂಥ ಸಣ್ಣವರು ಆನ್‌ಲೈನಲ್ಲಿ ಅರ್ಜಿ ಹಾಕಿದರೆ ಶುಲ್ಕ 4,500 ರೂಪಾಯಿ. ನಮ್ಮ ರಾಜ್ಯದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಒಪ್ಪಿಗೆಯಾದರೆ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟಿಸುತ್ತಾರೆ. ತಕರಾರು ಎತ್ತಲು 4 ತಿಂಗಳು ಸಮಯ. ನೋಂದಣಿ ಸಿಕ್ಕರೆ 10 ವರ್ಷ, ಆಮೇಲೆ ನವೀಕರಣ.

"ಅವನೇ ಮೊದಲು ಅರ್ಜಿ ಹಾಕಿದ್ರೆ?" ಅಂದೆ.

1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಮೊದಲಿನಿಂದ ಹೆಸರು ಬಳಸುತ್ತಾ ಬಂದವರಿಗೆ ರಕ್ಷಣೆ ಇದೆಯಂತೆ. ನೋಂದಣಿ ಇಲ್ಲದಿದ್ದರೂ, ನಮ್ಮ ಹೆಸರಲ್ಲಿ ತನ್ನ ಮಾಲು ಮಾರುತ್ತಿದ್ದಾನೆ ಅಂತ ಜಿಲ್ಲಾ ಕೋರ್ಟಿಗೆ ಹೋಗಬಹುದು. ಆದರೆ ದಾಖಲೆ ಬೇಕು: ಹಳೇ ಬಿಲ್ಲು, ಬೋರ್ಡಿನ ಫೋಟೊ, ಪೇಪರಿನ ಜಾಹೀರಾತು. ನಮ್ಮ ಅಜ್ಜಿ ಬಿಲ್ಲು ಕೊಟ್ಟಿದ್ದು ಯಾವಾಗ? ಲೆಕ್ಕವೆಲ್ಲ ಗೋಡೆ ಮೇಲೆ ಇದ್ದಿಲಿನಲ್ಲಿ. ಸುಣ್ಣ ಬಳಿದಾಗ ಅದೂ ಹೋಯಿತು. ಗೋಣಿ ಚೀಲದಲ್ಲಿ ಸಿಕ್ಕಿದ್ದು ಅಪ್ಪನ ಕಾಲದ ಬಿಲ್ ಪುಸ್ತಕ ಒಂದೇ. ಹೆಸರಿನ ಜಾಗದಲ್ಲೇ ಅರಿಶಿನದ ಕಲೆ, ಆದರೂ ಓದಬಹುದು.

ಮೀನು ಸಾರಿನ ಮಾತೂ ಬಂತು. ಬಂಗಡೆ ಸಾರಿಗೆ ತಿರ್ಫಳ ಅನ್ನುವ ಮಸಾಲೆ ಕಾಯಿ ಜಜ್ಜಿ ಹಾಕುವುದನ್ನು ಯಾರೂ ತಮ್ಮದು ಅನ್ನುವ ಹಾಗಿಲ್ಲ, ಕರಾವಳಿಯ ಮನೆಮನೆಯಲ್ಲೂ ಹಾಕುತ್ತಾರೆ. ಹೈವೇ ಹೋಟೆಲಲ್ಲಿ ಈಗ ಒಲೆ ಮುಂದೆ ನಿಂತಿರುವವನು ನಮ್ಮಲ್ಲೇ ಕೈ ಪಳಗಿಸಿಕೊಂಡು ಹೋದ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಂಬಳ ಜಾಸ್ತಿ ಕೊಟ್ಟರೆ ಯಾರು ತಾನೇ ಹೋಗುವುದಿಲ್ಲ? ನಾವೇನು ಕೊಡುತ್ತಿದ್ದೆವು ಅಂತ ನನಗೆ ಗೊತ್ತಲ್ವಾ. ಅವನ ಕೈರುಚಿ ಅವನದ್ದು, ಎಲ್ಲಿಗಾದರೂ ಒಯ್ಯಲಿ. ಅಜ್ಜಿಯನ್ನು ಒಯ್ಯುವುದು ಮಾತ್ರ ಬೇಡ.

ಹೈವೇಯವನಿಗೆ ಕಳಿಸುವ ನೋಟಿಸ್ ಕರಡು ಅಮ್ಮನಿಗೆ ಓದಿ ಹೇಳಿದೆ. ಅಡುಗೆ ಹುಡುಗನ ಹೆಸರು ತೆಗೆಸಿದಳು. ಪರಿಹಾರದ ಹಣ ಕೇಳಿದ ಸಾಲನ್ನೂ ತೆಗೆಸಿದಳು. "ಬೋರ್ಡ್ ಬದಲಾಯಿಸಲಿ, ಸಾಕು" ಅಂದಳು.

"ಇನ್ನು ಯಾರಾದ್ರೂ ಬ್ರಾಂಚಾ ಅಂತ ಕೇಳಿದ್ರೆ?"

"ಮೊದಲು ಬಡಿಸ್ತೇನೆ. ಕೈ ತೊಳೆದು ಬಂದ ಮೇಲೆ ಹೇಳ್ತೇನೆ."

ವಕೀಲರಿಗೆ ಇದನ್ನು ಹೇಳಿದೆ. ಸಾಕ್ಷಿ ಕಟಕಟೆಯಲ್ಲಿ ಮಾತ್ರ ಹಾಗೆ ಮಾಡಬೇಡಿ ಅನ್ನಿ ಅಂದರು.