ಇಂಟರ್ನಲ್ಸ್‌ನಲ್ಲಿ ಎಲ್ಲರಿಗೂ 48 ಯಾಕೆ ಕೊಡಬಾರದು

ನಾನು ಸಿವಿಲ್ ಎಂಜಿನಿಯರಿಂಗ್ ಪಾಠ ಮಾಡುತ್ತೇನೆ. ಇಂಟರ್ನಲ್ಸ್ ಅಂದರೆ ಕಾಲೇಜಿನಲ್ಲೇ ನಾವು ಮೇಷ್ಟ್ರುಗಳು ಕೊಡುವ ಅಂಕ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಒಂದೇ ಮಾತು: "ಇಂಟರ್ನಲ್ಸ್ ಧಾರಾಳವಾಗಿ ಹಾಕಿಬಿಡಿ, ಮಕ್ಕಳ ಭವಿಷ್ಯ ಅಲ್ವಾ?" ಕಾಳಜಿಯಿಂದ ಬರುವ ಮಾತೇ. ಆದರೆ ನಾನು ಒಪ್ಪುವುದಿಲ್ಲ.

ಲೆಕ್ಕ ನೋಡಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮದಲ್ಲಿ ಥಿಯರಿ ವಿಷಯಕ್ಕೆ ಇಂಟರ್ನಲ್ಸ್ 50, ಸೆಮಿಸ್ಟರ್ ಪರೀಕ್ಷೆ 50. ಪರೀಕ್ಷೆಯಲ್ಲಿ ಪಾಸಾಗಲು 18 ಬೇಕು. ಇಂಟರ್ನಲ್ಸ್‌ನಲ್ಲಿ ಎಲ್ಲರಿಗೂ 48 ಹಾಕಿದರೆ, ಆ 18ರಲ್ಲಿ ದಾಟಿಕೊಂಡವನಿಗೂ ಒಟ್ಟು 66, ಅಂದರೆ ಬಿ ಪ್ಲಸ್. ಮೂರು ತಿಂಗಳು ಕೂತು ಓದಿದ ಹುಡುಗಿಗೂ ಅದೇ 48.

ಇನ್ನೂ ದೊಡ್ಡ ನಷ್ಟ ಸುಮ್ನೆ 48 ಸಿಕ್ಕವನದ್ದು. ತನಗೆ ಬೆಂಡಿಂಗ್ ಮೊಮೆಂಟ್ ಡಯಾಗ್ರಾಂ ಬರೆಯಲು ಬರುವುದಿಲ್ಲ ಅಂತ ಅವನಿಗೆ ಮೊದಲ ಟೆಸ್ಟ್‌ನಲ್ಲೇ ಗೊತ್ತಾಗಬೇಕಿತ್ತು. ಆಗ ತಿದ್ದಿಕೊಳ್ಳಲು ಸಮಯವಿತ್ತು.

ಹಾಗಂತ ಕೈ ಬಿಗಿ ಮಾಡಿದ ಕೂಡಲೇ ನ್ಯಾಯ ಸಿಗುವುದಿಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ 'ಎ' ದರ್ಜೆಗಳು ಶೇ 35 ಮೀರದಿರಲಿ ಅಂತ ಗುರಿ ಇಟ್ಟಿತು. 2014ರಲ್ಲಿ ಅದನ್ನೇ ಕೈಬಿಟ್ಟಿತು. ತರಗತಿಯಲ್ಲಿ ಅರ್ಧ ಜನ ನಿಜವಾಗಿ ಚೆನ್ನಾಗಿ ಬರೆದಿದ್ದರೆ ಅರ್ಧ ಜನಕ್ಕೂ ಒಳ್ಳೆಯ ಅಂಕ ಸಿಗಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ನನ್ನ ಕೈ ಹಿಡಿದದ್ದು ಸ್ಕೀಮ್, ಅಂದರೆ ಉತ್ತರದ ಯಾವ ಹೆಜ್ಜೆಗೆ ಎಷ್ಟು ಅಂಕ ಅನ್ನುವ ಪಟ್ಟಿ. ಪ್ರಶ್ನೆಪತ್ರಿಕೆ ತಯಾರಿಸುವಾಗಲೇ ಅದನ್ನೂ ಬರೆದಿಡುತ್ತೇನೆ. ಹತ್ತು ಅಂಕದ ಬೀಮ್ (ತೊಲೆ) ಲೆಕ್ಕ ಅಂದುಕೊಳ್ಳಿ: ರಿಯಾಕ್ಷನ್‌ಗಳಿಗೆ 3, ಶಿಯರ್ ಫೋರ್ಸ್‌ಗೆ 3, ಬೆಂಡಿಂಗ್ ಮೊಮೆಂಟ್‌ಗೆ 4. ಒಂದು ಕಡೆ ಪ್ಲಸ್ ಬದಲು ಮೈನಸ್ ಹಾಕಿ, ಮುಂದಿನ ಹೆಜ್ಜೆಗಳನ್ನೆಲ್ಲ ಅದಕ್ಕೆ ತಕ್ಕಂತೆ ಸರಿಯಾಗಿ ಮಾಡಿದ್ದರೆ ಒಂದೇ ಅಂಕ ಕಳೆಯುತ್ತೇನೆ. ಇದನ್ನು ಮೊದಲೇ ತೀರ್ಮಾನಿಸದಿದ್ದರೆ ಬೆಳಿಗ್ಗೆ ನೋಡಿದ ಬ್ಲೂ ಬುಕ್‌ಗೆ (ಟೆಸ್ಟ್‌ನ ಉತ್ತರ ಪುಸ್ತಕ) 9, ಸಂಜೆ ಸುಸ್ತಾದಾಗ ನೋಡಿದ್ದಕ್ಕೆ 5 ಬೀಳುತ್ತದೆ. ಮೊದಲ ಪ್ರಶ್ನೆಯನ್ನು ಎಲ್ಲ ಬ್ಲೂ ಬುಕ್‌ಗಳಲ್ಲೂ ನೋಡಿ ಮುಗಿಸಿಯೇ ಎರಡನೆಯದಕ್ಕೆ ಹೋಗುತ್ತೇನೆ. ಹೆಸರಿರುವ ಪುಟವನ್ನು ಹಿಂದಕ್ಕೆ ಮಡಚಿರುತ್ತೇನೆ. ಹೆಸರು ಕಂಡರೆ ಆ ಹುಡುಗನ ಹಾಜರಿ, ನಡವಳಿಕೆ ಎಲ್ಲ ನೆನಪಾಗುತ್ತದೆ.

"ನೀವೊಬ್ಬರೇ ಹೀಗೆ ಮಾಡಿದರೆ ನಿಮ್ಮ ಸೆಕ್ಷನ್ ಮಕ್ಕಳಿಗೆ ತಾನೇ ನಷ್ಟ?" ಈ ಪ್ರಶ್ನೆ ಸರಿಯಾದದ್ದೇ. ಅದಕ್ಕೇ ಈಗ ಎ ಮತ್ತು ಬಿ ಸೆಕ್ಷನ್‌ಗೆ ಒಂದೇ ಪ್ರಶ್ನೆಪತ್ರಿಕೆ, ಒಂದೇ ಸ್ಕೀಮ್. ಕೆಲವು ಬ್ಲೂ ಬುಕ್‌ಗಳನ್ನು ಅದಲುಬದಲು ಮಾಡಿ ನೋಡುತ್ತೇವೆ. ಎರಡು ಅಂಕಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಕೂತು ಮಾತಾಡುತ್ತೇವೆ.